ತವರಿನಲ್ಲಿ ಸೋತು ಚಿಯಾಂಗ್ ಮಾಯ್‌ನಲ್ಲಿ ಗೆದ್ದ ತಂಡ

ಭಾರತ ಮಹಿಳಾ ಫುಟ್‌ಬಾಲ್ ತಂಡ 2025ರ ಮೇ 30 ಮತ್ತು ಜೂನ್ 3ರಂದು ಬೆಂಗಳೂರಿನ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರದಲ್ಲಿ ಉಜ್ಬೇಕಿಸ್ತಾನದ ಎದುರು ಎರಡು ಅಂತರರಾಷ್ಟ್ರೀಯ ಸೌಹಾರ್ದ ಪಂದ್ಯಗಳನ್ನು ಆಡಿತು. ಎರಡರಲ್ಲೂ 0–1ರಿಂದ ಸೋತಿತು. ತಿಂಗಳೊಪ್ಪತ್ತಿನಲ್ಲೇ, ಜುಲೈ 5ರಂದು, ಈ ತಂಡ ಥಾಯ್ಲೆಂಡಿನ ಚಿಯಾಂಗ್ ಮಾಯ್ ನಗರದಲ್ಲಿ ಆತಿಥೇಯರನ್ನು 2–1ರಿಂದ ಮಣಿಸಿ ಎಎಫ್‌ಸಿ ಮಹಿಳಾ ಏಷ್ಯನ್ ಕಪ್‌ಗೆ ಅರ್ಹತೆ ಗಳಿಸಿತು. ಅರ್ಹತಾ ಪಂದ್ಯಗಳನ್ನು ಆಡಿ ಗೆದ್ದು ಭಾರತ ಈ ಟೂರ್ನಿಗೆ ಪ್ರವೇಶ ಪಡೆದದ್ದು ಅದೇ ಮೊದಲು. ಬೆಂಗಳೂರಿನ ಎರಡು ಸೋಲುಗಳು ಚಿಯಾಂಗ್ ಮಾಯ್‌ನ ಗೆಲುವಿಗೆ ನಡೆಸಿದ ತಯಾರಿಯ ಭಾಗವಾಗಿದ್ದವು. ಸೌಹಾರ್ದ ಪಂದ್ಯ ಇರುವುದೇ ಇಂಥ ತಯಾರಿಗಾಗಿ.

ಸೌಹಾರ್ದ ಪಂದ್ಯದಲ್ಲಿ ಕಪ್ ಇರುವುದಿಲ್ಲ, ಅಂಕಪಟ್ಟಿಯೂ ಇರುವುದಿಲ್ಲ. ಆದರೂ ಅದು ಅಧಿಕೃತ ಅಂತರರಾಷ್ಟ್ರೀಯ ಪಂದ್ಯ. ರಾಷ್ಟ್ರಗೀತೆ ಮೊಳಗುತ್ತದೆ, ಆಡಿದವರ ಹೆಸರು ದಾಖಲೆಗೆ ಸೇರುತ್ತದೆ, ಫಲಿತಾಂಶ ವಿಶ್ವ ಶ್ರೇಯಾಂಕದ ಲೆಕ್ಕಕ್ಕೆ ಹೋಗುತ್ತದೆ. ಗರಡಿಯಲ್ಲಿ ವಸ್ತಾದರು ಜಾತ್ರೆಯ ಕಣಕ್ಕೆ ಮೊದಲು ತಮ್ಮ ಪೈಲ್ವಾನನನ್ನು ಅವನಿಗಿಂತ ಬಲಿಷ್ಠನ ಜೊತೆ ಹಿಡಿಸುತ್ತಾರೆ. ಅಲ್ಲಿ ಚಿತ್ತಾದರೆ ಮಾನ ಹೋಗುವುದಿಲ್ಲ, ಯಾವ ಪಟ್ಟಿಗೆ ತಾನು ಸಿಕ್ಕಿಬೀಳುತ್ತೇನೆಂಬುದು ತಿಳಿಯುತ್ತದೆ. ರಾಷ್ಟ್ರೀಯ ತಂಡಕ್ಕೆ ಸೌಹಾರ್ದ ಪಂದ್ಯದಿಂದ ಆಗುವ ಉಪಕಾರವೂ ಅದೇ.

ದಿನಾಂಕ ಮತ್ತು ಎದುರಾಳಿ

ತಯಾರಿಯ ಮೊದಲ ಹೆಜ್ಜೆ ದಿನಾಂಕ. ಆಟಗಾರರು ವರ್ಷದ ಬಹುಭಾಗ ತಮ್ಮ ಕ್ಲಬ್‌ಗಳ ಸ್ವಾಧೀನದಲ್ಲಿರುತ್ತಾರೆ. ರಾಷ್ಟ್ರೀಯ ತಂಡಗಳ ಪಂದ್ಯಗಳಿಗೆಂದು ಫಿಫಾ ವರ್ಷದಲ್ಲಿ ಕೆಲವು ಅವಧಿಗಳನ್ನು ಗೊತ್ತುಮಾಡಿದೆ. ಇವಕ್ಕೆ ಫಿಫಾ ವಿಂಡೊ ಎನ್ನುತ್ತಾರೆ. ಈ ಅವಧಿಯಲ್ಲಿ ದೇಶದಿಂದ ಕರೆ ಬಂದರೆ ಕ್ಲಬ್ ತನ್ನ ಆಟಗಾರರನ್ನು ಬಿಟ್ಟುಕೊಡಲೇಬೇಕು. ಬೆಂಗಳೂರಿನ ಎರಡೂ ಪಂದ್ಯಗಳು ಮೇ ಕೊನೆ ಮತ್ತು ಜೂನ್ ಮೊದಲ ವಾರದ ಅಂಥ ವಿಂಡೊದಲ್ಲೇ ನಡೆದವು. ಅರ್ಹತಾ ಸುತ್ತು ಜೂನ್ 23ಕ್ಕೆ ಆರಂಭವಾಗುವುದಿತ್ತು. ಹಾಗಾಗಿ ಕಂಡ ತಪ್ಪುಗಳನ್ನು ತಿದ್ದಿಕೊಳ್ಳಲು ಸುಮಾರು ಮೂರು ವಾರ ಕೈಯಲ್ಲಿ ಉಳಿಯಿತು.

ಎರಡನೆಯದು ಎದುರಾಳಿಯ ಆಯ್ಕೆ. ದುರ್ಬಲ ತಂಡವನ್ನು ಕರೆಸಿ ಗೋಲುಗಳ ಮಳೆಗರೆದರೆ ಪ್ರೇಕ್ಷಕರಿಗೆ ಸಂತೋಷವಾಗುತ್ತದೆ, ಕೋಚ್‌ಗೆ ಹೊಸದೇನೂ ತಿಳಿಯುವುದಿಲ್ಲ. ತೀರ ಬಲಿಷ್ಠ ತಂಡ ಬಂದರೆ ಚೆಂಡು ಕಾಲಿಗೆ ಸಿಗುವುದೇ ಅಪರೂಪವಾಗಿ, ದಾಳಿಯ ಅಭ್ಯಾಸ ನಡೆಯುವುದಿಲ್ಲ. ಶ್ರೇಯಾಂಕದಲ್ಲಿ ತನಗಿಂತ ಸ್ವಲ್ಪ ಮೇಲಿರುವ, ಮುಂದೆ ಎದುರಾಗಲಿರುವ ತಂಡವನ್ನು ಹೋಲುವ ಎದುರಾಳಿ ಸಿಕ್ಕರೆ ಉತ್ತಮ. ಭಾರತದ ಗುಂಪಿನಲ್ಲಿ ಮಂಗೋಲಿಯಾ, ಟಿಮೋರ್ ಲೆಸ್ಟೆ, ಇರಾಕ್ ಮತ್ತು ಥಾಯ್ಲೆಂಡ್ ಇದ್ದವು. ಗುಂಪಿನ ಅಗ್ರಸ್ಥಾನಿಗೆ ಮಾತ್ರ ಅರ್ಹತೆ. ಥಾಯ್ಲೆಂಡ್ ಆಗ ಭಾರತಕ್ಕಿಂತ ಮೇಲಿನ ಶ್ರೇಯಾಂಕದ ತಂಡವಾಗಿತ್ತು. ಅಂಥ ಎತ್ತರದ ಎದುರಾಳಿಯನ್ನು ಮುಂಚಿತವಾಗಿ ಎದುರಿಸಲು ಉಜ್ಬೇಕಿಸ್ತಾನ ತಕ್ಕ ಆಯ್ಕೆಯಾಗಿತ್ತು.

ಶಿಬಿರದ ದಿನಗಳು

ಮೂರನೆಯ ಹಂತ ಶಿಬಿರ. ಕ್ರಿಸ್ಪಿನ್ ಚೆಟ್ರಿ 2025ರ ಆರಂಭದಲ್ಲಿ ಮುಖ್ಯ ಕೋಚ್ ಆಗಿ ಬಂದರು. ಅದಕ್ಕೂ ಮೊದಲು ಅವರ ಮಾರ್ಗದರ್ಶನದಲ್ಲಿ ಒಡಿಶಾ ಎಫ್‌ಸಿ ಮಹಿಳಾ ತಂಡ 2023–24ರ ಇಂಡಿಯನ್ ವಿಮೆನ್ಸ್ ಲೀಗ್ ಗೆದ್ದಿತ್ತು. 2025ರ ಫೆಬ್ರುವರಿಯಲ್ಲಿ ಶಾರ್ಜಾದ ಪಿಂಕ್ ಲೇಡೀಸ್ ಕಪ್‌ನಲ್ಲಿ ಭಾರತ ತಂಡ ಜೋರ್ಡಾನ್ ವಿರುದ್ಧ ಗೆದ್ದು, ರಷ್ಯಾ ಮತ್ತು ದಕ್ಷಿಣ ಕೊರಿಯಾ ವಿರುದ್ಧ ಸೋತಿತ್ತು. ಲೀಗ್ ಮುಗಿದ ಮೇಲೆ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಶಿಬಿರ ನಡೆಯಿತು.

ಶಿಬಿರಕ್ಕೆ ಬರುವವರೆಲ್ಲ ಒಂದೇ ಸ್ಥಿತಿಯಲ್ಲಿರುವುದಿಲ್ಲ. ಒಬ್ಬರು ಲೀಗಿನ ಪ್ರತಿ ಪಂದ್ಯವನ್ನೂ ಆಡಿ ದಣಿದಿರುತ್ತಾರೆ, ಇನ್ನೊಬ್ಬರು ಗಾಯದಿಂದ ಈಗಷ್ಟೇ ಚೇತರಿಸಿಕೊಂಡಿರುತ್ತಾರೆ, ಮತ್ತೊಬ್ಬರು ಕ್ಲಬ್‌ನ ಬದಲಿ ಬೆಂಚಿನಲ್ಲೇ ಹೆಚ್ಚು ಕಾಲ ಕುಳಿತವರು. ಆದ್ದರಿಂದ ಮೊದಲ ದಿನಗಳು ದೇಹದ ತಪಾಸಣೆಗೆ ಮೀಸಲು. ಓಟದ ವೇಗ, ಮರುಮರು ಓಡುವ ಶಕ್ತಿ, ಸ್ನಾಯುಗಳ ಬಲ, ಹಳೆಯ ಗಾಯಗಳ ಸ್ಥಿತಿ ಎಲ್ಲವನ್ನೂ ಅಳೆಯುತ್ತಾರೆ. ಇತ್ತೀಚೆಗೆ ಆಟಗಾರರು ಜೆರ್ಸಿಯ ಒಳಗೆ ತೊಡುವ ಅಂಗಿಯಲ್ಲಿ ಜಿಪಿಎಸ್ ಸಾಧನ ಇರುತ್ತದೆ. ಯಾರು ಎಷ್ಟು ದೂರ ಓಡಿದರು, ಎಷ್ಟು ಸಲ ಪೂರ್ಣ ವೇಗಕ್ಕೆ ಏರಿದರು ಎಂಬ ಲೆಕ್ಕ ಅದರಿಂದ ಸಿಗುತ್ತದೆ. ದಣಿದವರಿಗೆ ವಿಶ್ರಾಂತಿ, ಹಿಂದುಳಿದವರಿಗೆ ಹೆಚ್ಚಿನ ಶ್ರಮ ಎಂದು ಅಭ್ಯಾಸ ಹಂಚುವುದು ಈ ಲೆಕ್ಕದ ಮೇಲೆಯೇ.

ನಂತರದ ಕೆಲಸ ಹೊಂದಾಣಿಕೆ. ಬೇರೆ ಬೇರೆ ಕ್ಲಬ್‌ಗಳಲ್ಲಿ ಬೇರೆ ಬೇರೆ ಪದ್ಧತಿಯಲ್ಲಿ ಆಡಿದವರು ಒಂದೇ ರೀತಿ ಯೋಚಿಸುವಂತಾಗಬೇಕು. ಚೆಂಡು ಕಳೆದುಕೊಂಡ ಕೂಡಲೇ ಮುಂದೆ ನುಗ್ಗಿ ಕಸಿಯಬೇಕೇ, ಹಿಂದೆ ಸರಿದು ಗೋಲಿನ ಮುಂದೆ ಗೋಡೆಯಾಗಿ ನಿಲ್ಲಬೇಕೇ? ಗೋಲ್‌ಕೀಪರ್ ಚೆಂಡನ್ನು ಹತ್ತಿರದ ಡಿಫೆಂಡರ್‌ಗೆ ಕೊಡಬೇಕೇ, ದೂರಕ್ಕೆ ಒದೆಯಬೇಕೇ? ಇಂಥ ಪ್ರಶ್ನೆಗಳಿಗೆ ಹನ್ನೊಂದು ಜನರ ಉತ್ತರವೂ ಒಂದೇ ಆಗಿರಬೇಕು. ಒಬ್ಬರು ಮುಂದೆ ನುಗ್ಗಿ ಉಳಿದವರು ನಿಂತಲ್ಲೇ ನಿಂತರೆ ನಡುವೆ ಬೀಳುವ ಜಾಗವೇ ಎದುರಾಳಿಗೆ ಗೋಲಿನ ದಾರಿಯಾಗುತ್ತದೆ.

ಕಾರ್ನರ್ ಕಿಕ್ ಮತ್ತು ಫ್ರೀ ಕಿಕ್‌ಗಳಿಗೆ ಪ್ರತ್ಯೇಕ ಅವಧಿ ಇರುತ್ತದೆ. ಚೆಂಡು ನಿಂತ ಸ್ಥಿತಿಯಿಂದ ಆರಂಭವಾಗುವುದರಿಂದ ಇವುಗಳ ಪ್ರತಿ ಹೆಜ್ಜೆಯನ್ನೂ ಮೊದಲೇ ಗೊತ್ತುಮಾಡಬಹುದು. ಯಾರು ಒದೆಯಬೇಕು, ಯಾರು ಹತ್ತಿರದ ಕಂಬದತ್ತ ಓಡಬೇಕು, ಎದುರಾಳಿಯ ಎತ್ತರದ ಆಟಗಾರರನ್ನು ಯಾರು ತಡೆಯಬೇಕು ಎಂಬುದೆಲ್ಲ ಅಭ್ಯಾಸದಲ್ಲೇ ನಿರ್ಧಾರವಾಗುತ್ತದೆ. ಸಮಬಲದ ತಂಡಗಳ ನಡುವೆ ಅನೇಕ ಪಂದ್ಯಗಳು ಇಂಥ ಒಂದು ಒದೆತದಿಂದಲೇ ತೀರ್ಮಾನವಾಗುತ್ತವೆ.

ಪಂದ್ಯದ ವಾರದಲ್ಲಿ ಶ್ರಮಕ್ಕೆ ಒಂದು ಏರಿಳಿತವಿದೆ. ಪಂದ್ಯಕ್ಕೆ ನಾಲ್ಕು, ಮೂರು ದಿನ ಇರುವಾಗ ಕಠಿಣ ಅಭ್ಯಾಸ ನಡೆಯುತ್ತದೆ. ಕೊನೆಯ ಎರಡು ದಿನ ಅದು ಹಗುರಾಗುತ್ತದೆ. ವಿಡಿಯೊ ನೋಡಿ ಎದುರಾಳಿಯ ಆಟವನ್ನು ಅರಿಯುವುದು, ಊಟ, ನೀರು ಮತ್ತು ನಿದ್ದೆಯ ಮೇಲೆ ನಿಗಾ ಇಡುವುದು ಆಗಿನ ಕೆಲಸ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಹವೆ ಈ ಶ್ರಮಕ್ಕೆ ಅನುಕೂಲ. ಆದರೆ ಜೂನ್–ಜುಲೈನ ಚಿಯಾಂಗ್ ಮಾಯ್‌ನದು ಬಿಸಿ ಮತ್ತು ತೇವ ಕೂಡಿದ ಹವೆ. ತಂಪಿನಲ್ಲಿ ತಯಾರಾದ ದೇಹ ಸೆಕೆಗೆ ಒಗ್ಗಲು ಬೇಕಾಗುವ ಸಮಯವನ್ನೂ ಕೋಚ್ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಮೈದಾನ ಮತ್ತು ಆತಿಥ್ಯ

ತವರಿನ ಪಂದ್ಯವೆಂದರೆ ಆತಿಥೇಯ ಸಂಸ್ಥೆಗೆ ಎರಡು ಹೊಣೆ. ತನ್ನ ತಂಡವನ್ನೂ ಸಜ್ಜುಗೊಳಿಸಬೇಕು, ಬಂದ ತಂಡವನ್ನೂ ನೋಡಿಕೊಳ್ಳಬೇಕು. ವೀಸಾ, ವಾಸ, ಊಟ, ಓಡಾಟ, ಅಭ್ಯಾಸದ ಸಮಯ ಇವುಗಳಲ್ಲಿ ಎದುರಾಳಿಗೆ ಕೊರತೆಯಾಗಬಾರದು. ಈ ಹೊಣೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನದು.

ಅಂತರರಾಷ್ಟ್ರೀಯ ಪಂದ್ಯದ ಅಂಗಳ 100ರಿಂದ 110 ಮೀಟರ್ ಉದ್ದ, 64ರಿಂದ 75 ಮೀಟರ್ ಅಗಲ ಇರಬೇಕು. 105 ಮೀಟರ್ ಉದ್ದ ಮತ್ತು 68 ಮೀಟರ್ ಅಗಲ ಈಗ ರೂಢಿಯಲ್ಲಿರುವ ಅಳತೆ. ಹುಲ್ಲಿನ ಎತ್ತರ, ನೆಲದ ಸಮತಟ್ಟು, ನೀರು ಇಂಗುವ ವ್ಯವಸ್ಥೆ ಇವೆಲ್ಲ ಆಟದ ವೇಗವನ್ನು ನಿರ್ಧರಿಸುತ್ತವೆ. ಹುಲ್ಲು ಗಿಡ್ಡವಾಗಿದ್ದು ತುಸು ಒದ್ದೆಯಿದ್ದರೆ ಚೆಂಡು ಸರಾಗವಾಗಿ ಜಾರುತ್ತದೆ. ಒಣಗಿದ ಉದ್ದ ಹುಲ್ಲಿನಲ್ಲಿ ಪಾಸ್ ತಡವಾಗಿ ತಲುಪುತ್ತದೆ. ಮೇ ಕೊನೆಯಲ್ಲಿ ಬೆಂಗಳೂರಿನಲ್ಲಿ ಸಂಜೆಯ ಮಳೆ ಸಾಮಾನ್ಯವಾದ್ದರಿಂದ ನೀರು ಬೇಗ ಇಳಿಯುವ ಮೈದಾನ ಅಲ್ಲಿ ಅನಿವಾರ್ಯ.

ತವರಿನ ಪ್ರೇಕ್ಷಕರು ಕೊಡುವ ಬಲವೂ ಸಣ್ಣದಲ್ಲ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2023ರ ಜೂನ್–ಜುಲೈನಲ್ಲಿ ನಡೆದ ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಪುರುಷರ ತಂಡ ಪಾಕಿಸ್ತಾನವನ್ನು 4–0ರಿಂದ ಸೋಲಿಸಿತು. ಫೈನಲ್‌ನಲ್ಲಿ ಕುವೈತ್ ವಿರುದ್ಧ 1–1ರ ಸಮಬಲದ ಬಳಿಕ ಪೆನಾಲ್ಟಿ ಶೂಟೌಟ್‌ನಲ್ಲಿ 5–4ರಿಂದ ಗೆದ್ದು ಒಂಬತ್ತನೆಯ ಸಲ ಪ್ರಶಸ್ತಿ ಪಡೆಯಿತು. ತುಂಬಿದ ಗ್ಯಾಲರಿಯ ಕೂಗು ದಣಿದ ಕಾಲುಗಳನ್ನೂ ಓಡಿಸುತ್ತದೆ ಎಂಬುದಕ್ಕೆ ಆ ಟೂರ್ನಿ ಸಾಕ್ಷಿ. ಮಹಿಳಾ ತಂಡಗಳ ವಿಶ್ವ ಶ್ರೇಯಾಂಕದ ಲೆಕ್ಕದಲ್ಲಿ ಫಿಫಾ ಈ ಅನುಕೂಲವನ್ನು ಅಂಕೆಯಲ್ಲೇ ಹಿಡಿದಿದೆ. ಫಲಿತಾಂಶದ ನಿರೀಕ್ಷೆಯನ್ನು ಅಳೆಯುವಾಗ ತವರಿನ ತಂಡಕ್ಕೆ 100 ಅಂಕ ಹೆಚ್ಚಿಗೆ ಸೇರಿಸುತ್ತಾರೆ. ತವರಿನಲ್ಲಿ ಗೆದ್ದರೆ ಸಿಗುವ ಲಾಭ ಇದರಿಂದ ಕಡಿಮೆಯಾಗುತ್ತದೆ, ಸೋತರೆ ಆಗುವ ನಷ್ಟ ಹೆಚ್ಚುತ್ತದೆ.

ತೊಂಬತ್ತು ನಿಮಿಷಗಳ ಪಾಠ

ಪಂದ್ಯದಲ್ಲಿ ಕೋಚ್ ನೋಡುವುದು ಸ್ಕೋರನ್ನಷ್ಟೇ ಅಲ್ಲ. ಉಜ್ಬೇಕಿಸ್ತಾನದ ಎದುರಿನ ಪಂದ್ಯಗಳು ನಡೆದಾಗ ಜಾರಿಯಲ್ಲಿದ್ದ ನಿಯಮದಂತೆ ರಾಷ್ಟ್ರೀಯ ಹಿರಿಯರ ತಂಡಗಳ ಸೌಹಾರ್ದ ಪಂದ್ಯದಲ್ಲಿ ಆರು ಬದಲಾವಣೆಗಳಿಗೆ ಅವಕಾಶವಿತ್ತು. ಎರಡು ಪಂದ್ಯಗಳಾದರೆ ಹೊಸಬರನ್ನು ಪರೀಕ್ಷಿಸಲು, ಒಂದೇ ಸ್ಥಾನದಲ್ಲಿ ಇಬ್ಬರನ್ನು ಹೋಲಿಸಲು, ಹಿನ್ನಡೆಯಲ್ಲಿರುವಾಗ ಯಾರು ಧೃತಿಗೆಡುವುದಿಲ್ಲ ಎಂದು ಅರಿಯಲು ಸಾಕಷ್ಟು ಎಡೆ ಸಿಗುತ್ತದೆ.

ಎರಡು ಪಂದ್ಯಗಳ ನಡುವಿನ ಅಂತರವೂ ಒಂದು ಪರೀಕ್ಷೆಯೇ. ಬೆಂಗಳೂರಿನ ಪಂದ್ಯಗಳ ನಡುವೆ ನಾಲ್ಕು ದಿನಗಳ ಅಂತರವಿತ್ತು. ಅರ್ಹತಾ ಸುತ್ತಿನಲ್ಲಿ ಜೂನ್ 23ರಿಂದ ಜುಲೈ 5ರೊಳಗೆ ನಾಲ್ಕು ಪಂದ್ಯಗಳು, ಕೊನೆಯ ಮೂರು ಪಂದ್ಯಗಳ ನಡುವೆ ಮೂರು ಮೂರೇ ದಿನ. ಒಂದು ಪಂದ್ಯ ಮುಗಿದ ಮೇಲೆ ದೇಹ ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆ ಎಂಬುದು ತಿಳಿದಿದ್ದರೆ ಮಾತ್ರ ಯಾರನ್ನು ಯಾವ ಪಂದ್ಯಕ್ಕೆ ಉಳಿಸಿಕೊಳ್ಳಬೇಕೆಂದು ನಿರ್ಧರಿಸಲು ಸಾಧ್ಯ.

ಚಿಯಾಂಗ್ ಮಾಯ್‌ನಲ್ಲಿ ಈ ತಯಾರಿ ಫಲ ಕೊಟ್ಟಿತು. ಭಾರತ ಮಂಗೋಲಿಯಾವನ್ನು 13–0, ಟಿಮೋರ್ ಲೆಸ್ಟೆಯನ್ನು 4–0, ಇರಾಕನ್ನು 5–0ರಿಂದ ಸೋಲಿಸಿತು. ಕೊನೆಯ ಪಂದ್ಯದಲ್ಲಿ ಸಂಗೀತಾ ಬಸ್ಫೋರ್ ಗಳಿಸಿದ ಎರಡು ಗೋಲುಗಳು ಥಾಯ್ಲೆಂಡನ್ನು ಮಣಿಸಿದವು. ಬೆಂಗಳೂರಿನಲ್ಲಿ ಒಂದೂ ಗೋಲು ಕಾಣದ ತಂಡ ಅಲ್ಲಿ 24 ಗೋಲು ಗಳಿಸಿ, ಒಂದನ್ನು ಮಾತ್ರ ಬಿಟ್ಟುಕೊಟ್ಟಿತು. 2022ರಲ್ಲಿ ಆತಿಥೇಯರಾಗಿ ಆಡಲಿಳಿದ ಭಾರತ ಕೋವಿಡ್ ಸೋಂಕಿನಿಂದಾಗಿ ಏಷ್ಯನ್ ಕಪ್‌ನಿಂದ ನಡುವೆಯೇ ಹಿಂದೆ ಸರಿಯಬೇಕಾಗಿತ್ತು. ಆ ನೋವಿನ ಬಳಿಕ ಸ್ವಂತ ಬಲದಿಂದ ದೊರೆತ ಈ ಅರ್ಹತೆ ದೇಶದ ಮಹಿಳಾ ಫುಟ್‌ಬಾಲ್‌ಗೆ ದೊಡ್ಡ ಗೌರವ.

ಸೌಹಾರ್ದ ಪಂದ್ಯಗಳು ಇದ್ದಮಾತ್ರಕ್ಕೆ ಫಲ ಬರುವುದಿಲ್ಲ ಎಂಬುದಕ್ಕೂ ಬೆಂಗಳೂರಿನದೇ ಉದಾಹರಣೆಯಿದೆ. 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದ ತಯಾರಿಗಾಗಿ ಭಾರತದ 23 ವರ್ಷದೊಳಗಿನವರ ತಂಡ ಆಗಸ್ಟ್ 17 ಮತ್ತು 20ರಂದು ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ಎದುರು ಎರಡು ಪಂದ್ಯ ಆಡಿತು. ಮೊದಲನೆಯದನ್ನು 1–0ರಿಂದ ಗೆದ್ದಿತು, ಎರಡನೆಯದನ್ನು 0–2ರಿಂದ ಸೋತಿತು. ಇಂಚಿಯಾನ್‌ನಲ್ಲಿ ಯುಎಇ ವಿರುದ್ಧ 0–5, ಜೋರ್ಡಾನ್ ವಿರುದ್ಧ 0–2ರಿಂದ ಸೋತು ಹೊರಬಿತ್ತು. ಆ ಎದುರಾಳಿಗಳು ಬೇರೆಯೇ ಎತ್ತರದವರಾಗಿದ್ದರು. ಮುಂದಿನ ಸವಾಲಿಗೆ ಸಮನಾದ ಎದುರಾಳಿ ಸಿಕ್ಕದಿದ್ದರೆ ತವರಿನ ಗೆಲುವು ಕೂಡ ನೆರವಿಗೆ ಬರುವುದಿಲ್ಲ.

ಬೈಲಹೊಂಗಲದಿಂದ ರಾಮದುರ್ಗದವರೆಗೆ

ರಾಷ್ಟ್ರೀಯ ತಂಡದ ಈ ಪಾಠ ತಾಲೂಕಿನ ತಂಡಗಳಿಗೂ ಸಲ್ಲುತ್ತದೆ. ಬೆಳಗಾವಿ ನಗರದಲ್ಲಿ ಫುಟ್‌ಬಾಲ್‌ಗೆ ಹಳೆಯ ಪರಂಪರೆಯಿದೆ. ಆದರೆ ಅದೇ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಕಬಡ್ಡಿ, ಖೋ ಖೋ, ಕುಸ್ತಿಗೆ ಇರುವಷ್ಟು ಆಳದ ಬೇರು ಫುಟ್‌ಬಾಲ್‌ಗೆ ಇನ್ನೂ ಇಳಿದಿಲ್ಲ. ಕಾರಣಗಳಲ್ಲಿ ನೆಲವೂ ಒಂದು. ಎರೆ ಮಣ್ಣಿನ ಬಯಲು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಕಾಲಿಗೆ ಅಂಟುತ್ತದೆ. ಮಲೆನಾಡಿನ ಸೆರಗಿನ ಕಿತ್ತೂರಿಗೆ ಮಳೆ ಹೆಚ್ಚು, ರಾಮದುರ್ಗಕ್ಕೆ ಕಡಿಮೆ. ಶಾಲಾ ಕ್ರೀಡಾಕೂಟಗಳು ಮಳೆಗಾಲದ ತಿಂಗಳುಗಳಲ್ಲೇ ಬರುವುದರಿಂದ ಚೆಂಡು ಉರುಳುವಂಥ ಗಟ್ಟಿ ನೆಲ ಸಿಗುವುದೇ ಕಷ್ಟ. ಗರಸು ಮಣ್ಣು ಹಾಕಿ, ಉರುಳುಗಲ್ಲು ಎಳೆದು, ನೀರು ಹರಿದುಹೋಗಲು ಅಂಚಿನಲ್ಲಿ ಕಾಲುವೆ ತೋಡಿದ ಅಂಗಳವೊಂದು ಪ್ರತಿ ತಾಲೂಕು ಕೇಂದ್ರದಲ್ಲಿದ್ದರೆ ಆಟದ ಅರ್ಧ ತೊಡಕು ನೀಗುತ್ತದೆ.

ಮೇಲೇರುವ ದಾರಿ ಮಾತ್ರ ಸ್ಪಷ್ಟವಾಗಿದೆ. ಈ ನಾಲ್ಕೂ ತಾಲೂಕುಗಳು ಬೆಳಗಾವಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಶಾಲಾ ಕ್ರೀಡೆಯಲ್ಲಿ ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲುಗಳಿವೆ. ರಾಜ್ಯದಲ್ಲಿ ಮಿಂಚಿದವರಿಗೆ ರಾಷ್ಟ್ರೀಯ ಶಾಲಾ ಕ್ರೀಡಾಕೂಟ, ಅಲ್ಲಿಂದ ಕ್ಲಬ್, ಲೀಗ್ ಮತ್ತು ರಾಷ್ಟ್ರೀಯ ಶಿಬಿರ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2022–23ರ ಮಹಿಳಾ ಲೀಗ್‌ನ ಫೈನಲ್ ತಲುಪಿತ್ತು. ಪುರುಷರ ವಿಭಾಗದಲ್ಲಿ ಕರ್ನಾಟಕ ತಂಡ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ರಾಜ್ಯದೊಳಗೇ ಮೇಲೇರುವ ಅವಕಾಶವಿದೆ ಎಂದು ಈ ಸಾಧನೆಗಳು ಹೇಳುತ್ತವೆ.

ಮೆಟ್ಟಿಲು ಹತ್ತುವ ಮೊದಲು ಬೇಕಾದದ್ದು ಸೌಹಾರ್ದ ಪಂದ್ಯಗಳೇ. ತಾಲೂಕು ಮಟ್ಟದ ತಂಡಗಳು ಬಹುತೇಕ ಕೂಟದ ದಿನವೇ ಮೊದಲ ಸಲ ಹೊರಗಿನ ಎದುರಾಳಿಯನ್ನು ನೋಡುತ್ತವೆ, ಸೋತರೆ ಆ ವರ್ಷ ಮುಗಿಯಿತು. ಕಿತ್ತೂರು, ಬೈಲಹೊಂಗಲದ ಶಾಲೆಗಳಿಗೆ ಬೆಳಗಾವಿಯೂ ಸವದತ್ತಿಯ ಶಾಲೆಗಳಿಗೆ ಧಾರವಾಡವೂ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳುವಷ್ಟು ಹತ್ತಿರ. ರಾಮದುರ್ಗದ ತಂಡ ಸವದತ್ತಿಯಲ್ಲಿ ನೆರೆಯ ತಾಲೂಕುಗಳನ್ನು ಎದುರಿಸಬಹುದು. ಕೂಟಕ್ಕೆ ಮೂರು ವಾರ ಮೊದಲು ತಮಗಿಂತ ಗಟ್ಟಿ ತಂಡದೊಡನೆ ಎರಡು ಪಂದ್ಯ ಆಡಿ, ಬಿಟ್ಟ ಗೋಲುಗಳ ಕಾರಣ ಬರೆದಿಟ್ಟುಕೊಂಡು, ಅವನ್ನೇ ತಿದ್ದುತ್ತ ಹೋಗುವುದಕ್ಕೆ ದೊಡ್ಡ ಖರ್ಚಿಲ್ಲ. ಹೆಣ್ಣುಮಕ್ಕಳ ತಂಡಗಳಿಗೆ ಇದು ಇನ್ನೂ ಮುಖ್ಯ. ಅವರಿಗೆ ಪಂದ್ಯಗಳೇ ಕಡಿಮೆ ಸಿಗುತ್ತವೆ, ಅಭ್ಯಾಸವೊಂದರಿಂದಲೇ ಪಂದ್ಯದ ಧೈರ್ಯ ಬರುವುದಿಲ್ಲ. ದೈಹಿಕ ಶಿಕ್ಷಕರು ಮತ್ತು ಶಾಲೆಗಳು ಸೇರಿ ವರ್ಷಕ್ಕೊಂದು ವೇಳಾಪಟ್ಟಿ ಮಾಡಿಕೊಂಡರೆ, ರಾಷ್ಟ್ರೀಯ ತಂಡ ಬೆಂಗಳೂರಿನಲ್ಲಿ ನಡೆಸಿದ ತಯಾರಿಯ ಕ್ರಮವನ್ನೇ ಈ ನಾಲ್ಕು ತಾಲೂಕುಗಳಲ್ಲೂ ನಡೆಸಬಹುದು.