ಮೊದಲು ಅಳತೆ, ಆಮೇಲೆ ಕತ್ತರಿ

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಲಂಗ ಹೊಲಿಸುವ ಕ್ರಮವನ್ನು ವಾಚಕರೆಲ್ಲರೂ ಬಲ್ಲರು. ತಾಯಿಯಾದವಳು ಮಗಳನ್ನು ದರ್ಜಿಯ ಬಳಿಗೆ ಕರೆದೊಯ್ದು, ಸೊಂಟದ ಅಳತೆ, ಉದ್ದದ ಅಳತೆಗಳನ್ನು ಕೊಡಿಸಿ, ಕಡೆಗೆ ಒಂದು ಮಾತನ್ನು ಮರೆಯದೆ ಹೇಳುವಳು: “ಕೆಳಗೆ ನಾಲ್ಕು ಬೆರಳು ಮಡಿಕೆಯಿಟ್ಟು ಹೊಲಿಯಪ್ಪ, ಬೆಳೆಯುವ ಹುಡುಗಿ.” ಮುಂದಿನ ವರ್ಷ ಆ ಮಡಿಕೆಯನ್ನು ಬಿಚ್ಚಿದರೆ ಲಂಗ ಮತ್ತೆ ಸರಿಹೊಂದುವುದು. ಉಡುವವಳು ಯಾರೆಂಬುದನ್ನು ಮೊದಲು ನೋಡುವುದು, ಅವಳ ಅಳತೆಯನ್ನು ತೆಗೆದಮೇಲೆ ಕತ್ತರಿಯನ್ನು ಹಿಡಿಯುವುದು, ಹೊಲಿದಾದಮೇಲೂ ತಿದ್ದುವುದಕ್ಕೆ ಎಡೆಯಿಟ್ಟಿರುವುದು, ಇವು ಮೂರೂ ಆ ತಾಯಿಗೆ ಯಾರೂ ಪಾಠಹೇಳದೆ ತಿಳಿದಿರುವ ಸಂಗತಿಗಳು.

ಈ ಪೀಠಿಕೆಗೆ ಕಾರಣವುಂಟು. ಭಾರತ ಸರಕಾರವು 2020ರ ಜುಲೈ ತಿಂಗಳಲ್ಲಿ ಅಂಗೀಕರಿಸಿದ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ, ಮಕ್ಕಳಿಗೆ ಕಲಿಸತಕ್ಕ ಹೊಸ ಕಾಲದ ವಿಷಯಗಳನ್ನು ಎಣಿಸುವಾಗ, ಕೃತಕ ಬುದ್ಧಿಮತ್ತೆಯ ಪಕ್ಕದಲ್ಲಿಯೇ ‘ಡಿಸೈನ್ ಥಿಂಕಿಂಗ್’ ಎಂಬ ಹೆಸರು ಬಂದಿದೆ. ಕನ್ನಡದಲ್ಲಿ ಇದನ್ನು ವಿನ್ಯಾಸ ಚಿಂತನೆಯೆಂದು ಕರೆಯುವರು. ಹೆಸರನ್ನು ಕೇಳಿದವರು ಇದು ಚಿತ್ರ ಬರೆಯುವ ವಿದ್ಯೆಯಿರಬೇಕೆಂದೋ, ಗಣಕಯಂತ್ರದ ವಿದ್ಯೆಯಿರಬೇಕೆಂದೋ ಭಾವಿಸುವುದುಂಟು. ಇದು ಎರಡೂ ಅಲ್ಲ. ಅಮೆರಿಕದ ವಿದ್ವಾಂಸರಾದ ಹರ್ಬರ್ಟ್ ಸೈಮನ್ನರು 1969ರಲ್ಲಿ ಪ್ರಕಟಿಸಿದ ಒಂದು ಗ್ರಂಥದಲ್ಲಿ ವಿನ್ಯಾಸವನ್ನೂ ಒಂದು ಶಾಸ್ತ್ರವಾಗಿ ವಿಚಾರಮಾಡಿದರು. ಈ ಶತಮಾನದ ಆರಂಭದ ವರ್ಷಗಳಲ್ಲಿ ಆ ದೇಶದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅದನ್ನು ಐದು ಮೆಟ್ಟಿಲುಗಳಾಗಿ ಕಲಿಸತೊಡಗಿದರು. ಇನ್ನೊಬ್ಬರ ಕಷ್ಟವನ್ನು ಅವರ ಎಡೆಯಲ್ಲಿ ನಿಂತು ಅರಿಯುವುದು ಮೊದಲನೆಯದು. ಆ ಕಷ್ಟ ಇಂಥದೇ ಎಂದು ಸ್ಪಷ್ಟವಾಗಿ ಹೇಳುವುದು ಎರಡನೆಯದು. ಒಂದೇ ಉಪಾಯಕ್ಕೆ ಜೋತುಬೀಳದೆ ಹಲವನ್ನು ಯೋಚಿಸುವುದು ಮೂರನೆಯದು. ಅಲ್ಪ ವೆಚ್ಚದಲ್ಲಿ ಒಂದು ಕಚ್ಚಾ ಮಾದರಿಯನ್ನು ಮಾಡುವುದು ನಾಲ್ಕನೆಯದು. ಅದನ್ನು ಬಳಸುವವರ ಕೈಗೆ ಕೊಟ್ಟು, ಅವರು ಎಡವಿದಲ್ಲಿ ತಿದ್ದುವುದು ಐದನೆಯದು.

ಇದಿಷ್ಟೇ ಆದರೆ ಇದರಲ್ಲಿ ಹೊಸದೇನುಂಟೆಂದು ವಾಚಕರು ಕೇಳಬಹುದು. ಹೊಸದು ಹೆಚ್ಚೇನೂ ಇಲ್ಲ. ಆದರೆ ಉಪಾಧ್ಯಾಯವೃತ್ತಿಯಲ್ಲಿ ಬಹುಕಾಲ ಕಳೆದ ನಮಗೆ ತಿಳಿದುಬಂದಿರುವುದೇನೆಂದರೆ, ದರ್ಜಿಯ ಅಂಗಡಿಯಲ್ಲಿ ನಾವೆಲ್ಲರೂ ಪಾಲಿಸುವ ಈ ನಿಯಮವನ್ನು ಪಾಠಶಾಲೆಯ ಬಾಗಿಲಲ್ಲಿ ಮರೆತುಬಿಡುತ್ತೇವೆ. ಅಲ್ಲಿ ಕತ್ತರಿ ಮೊದಲು ಬರುವುದು. ಅಳತೆಯ ಮಾತು ಅನಂತರ, ಕೆಲವು ವೇಳೆ ಬರುವುದೇ ಇಲ್ಲ.

ಫ್ರಾನ್ಸ್ ದೇಶದಲ್ಲಿ ನಡೆದ ಒಂದು ವೃತ್ತಾಂತವು ಇದನ್ನು ಚೆನ್ನಾಗಿ ತೋರಿಸುವುದು. ಪ್ಯಾರಿಸ್ ನಗರದಲ್ಲಿ ಅಂಧ ಬಾಲಕರ ಪಾಠಶಾಲೆಯನ್ನು ಹದಿನೆಂಟನೆಯ ಶತಮಾನದ ಕಡೆಯಲ್ಲಿ ಸ್ಥಾಪಿಸಿದ ವಾಲಾಂತೀನ್ ಆಯೂಯಿ ಎಂಬ ಪುಣ್ಯಾತ್ಮರು, ಸಾಮಾನ್ಯ ಅಕ್ಷರಗಳನ್ನೇ ಕಾಗದದ ಮೇಲೆ ಉಬ್ಬಿಸಿ ಪುಸ್ತಕಗಳನ್ನು ಮಾಡಿಸಿದರು. ಉದ್ದೇಶ ಬಹಳ ಒಳ್ಳೆಯದು. ಆದರೆ ಆ ಅಕ್ಷರಗಳು ಕಣ್ಣಿಗಾಗಿ ಹುಟ್ಟಿದವು. ಅವುಗಳ ಓರೆಕೋರೆಗಳನ್ನು ಬೆರಳಿನಿಂದ ತಡವಿ ಗುರುತಿಸಲು ಬಾಲಕರಿಗೆ ಬಹಳ ಹೊತ್ತು ಹಿಡಿಯುತ್ತಿತ್ತು. ಹೊತ್ತಗೆಗಳೋ ದೊಡ್ಡವು, ಭಾರವಾದವು. ಅಂಥ ಅಕ್ಷರಗಳನ್ನು ತಾವೇ ಬರೆದು ಓದಿಕೊಳ್ಳುವ ಅನುಕೂಲವಂತೂ ಅವರಿಗಿರಲಿಲ್ಲ. ಮುಂದೆ 1821ರ ಸುಮಾರಿಗೆ ಶಾರ್ಲ್ ಬಾರ್ಬಿಯೇ ಎಂಬವರು ಚುಕ್ಕಿಗಳಿಂದ ಬರೆಯುವ ಒಂದು ಕ್ರಮವನ್ನು ಆ ಶಾಲೆಗೆ ತಂದರು. ಚುಕ್ಕಿಯನ್ನು ಬೆರಳು ಸುಲಭವಾಗಿ ಅರಿಯುವುದು. ಆದರೆ ಒಂದೊಂದು ಗುರುತಿಗೆ ಹನ್ನೆರಡರವರೆಗೂ ಚುಕ್ಕಿಗಳು ಬೇಕಾಗಿದ್ದು, ಬೆರಳಿನ ತುದಿಯ ಅಡಿಯಲ್ಲಿ ಅವೆಲ್ಲ ಒಮ್ಮೆಗೆ ಹಿಡಿಯುತ್ತಿರಲಿಲ್ಲ.

ಆ ಶಾಲೆಯಲ್ಲಿ ಲೂಯಿ ಬ್ರೈಲ್ ಎಂಬ ಹುಡುಗನಿದ್ದನು. 1809ರಲ್ಲಿ ಹುಟ್ಟಿದ ಈತನು, ಜೀನು ಮಾಡುವ ತಂದೆಯ ಕೆಲಸದ ಮನೆಯಲ್ಲಿ ತೊಗಲು ಚುಚ್ಚುವ ಮೊನೆಯಾದ ಉಪಕರಣ ತಗಲಿ, ಶೈಶವದಲ್ಲಿಯೇ ಕಣ್ಣುಗಳನ್ನು ಕಳೆದುಕೊಂಡಿದ್ದನು. ಅವನು ಬಾರ್ಬಿಯೇಯವರ ಚುಕ್ಕಿಗಳನ್ನು ಇಟ್ಟುಕೊಂಡು, ಸಂಖ್ಯೆಯನ್ನು ಆರಕ್ಕೆ ಇಳಿಸಿದನು. ಆಗ ಒಂದು ಅಕ್ಷರವು ಬೆರಳಿನ ಒಂದೇ ಸ್ಪರ್ಶಕ್ಕೆ ಸಿಕ್ಕಿತು. 1824ರಲ್ಲಿ ಈ ಕ್ರಮ ಸಿದ್ಧವಾದಾಗ ಅವನಿಗೆ ಹದಿನೈದು ವರ್ಷ. ಆದರೂ ಆ ಶಾಲೆ ಅದನ್ನು ವಿಧಿಪೂರ್ವಕವಾಗಿ ಸ್ವೀಕರಿಸಿದುದು 1854ರಲ್ಲಿ, ಆತನು ತೀರಿಕೊಂಡು ಎರಡು ವರ್ಷಗಳಾದ ಮೇಲೆ. ನಮ್ಮ ದೇಶದಲ್ಲಿ 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ ಭಾರತೀ ಬ್ರೈಲ್ ನಿಶ್ಚಯವಾಯಿತು. ಇಂದು ಕನ್ನಡದ ಅಂಧ ಬಾಲಕರು ಓದುವುದು ಆ ಆರು ಚುಕ್ಕಿಗಳಲ್ಲಿಯೇ. ಹಿರಿಯರು ತಮ್ಮ ಕಣ್ಣಿನ ಅಳತೆಗೆ ಪುಸ್ತಕ ಮಾಡಿದರು. ಹುಡುಗನು ತನ್ನ ಬೆರಳಿನ ಅಳತೆಗೆ ಮಾಡಿದನು. ವ್ಯತ್ಯಾಸವು ಇಷ್ಟೆ.

ನಮ್ಮ ಕಾಲದಲ್ಲಿ ಈ ವ್ಯತ್ಯಾಸವು ಕೋಟ್ಯಂತರ ರೂಪಾಯಿಗಳ ಮಟ್ಟದಲ್ಲಿ ಕಾಣಿಸಿಕೊಂಡಿದೆ. ಮಗುವಿಗೊಂದು ಗಣಕಯಂತ್ರವೆಂಬ ಧ್ಯೇಯದಿಂದ 2005ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಯೋಜನೆ ಹೊರಟಿತು. ದಕ್ಷಿಣ ಅಮೆರಿಕದ ಪೆರು ದೇಶವು ಆ ಪುಟ್ಟ ಯಂತ್ರಗಳನ್ನು ಲಕ್ಷಗಟ್ಟಲೆ ಕೊಂಡು ಗ್ರಾಮಗಳ ಮಕ್ಕಳಿಗೆ ಹಂಚಿತು. ಅಲ್ಲಿನ 319 ಗ್ರಾಮಶಾಲೆಗಳಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಪರಿಶೋಧನೆಯಲ್ಲಿ, ಯಂತ್ರಗಳ ಬಳಕೆಯೇನೋ ಬಹಳ ಹೆಚ್ಚಿತ್ತು; ಗಣಿತದಲ್ಲಿಯಾಗಲಿ ಭಾಷೆಯಲ್ಲಿಯಾಗಲಿ ಮಕ್ಕಳು ಮುಂದುವರಿದುದಕ್ಕೆ ಗುರುತು ಕಾಣಲಿಲ್ಲ. ಯಂತ್ರ ಕೆಟ್ಟದ್ದೆಂದು ಇದರ ಅರ್ಥವಲ್ಲ. ಆ ಶಾಲೆಯ ಉಪಾಧ್ಯಾಯನು ಅದರಿಂದ ಯಾವ ಪಾಠವನ್ನು ಹೇಗೆ ನಡೆಸಬೇಕೆಂಬ ವಿಚಾರವು ಹಂಚಿಕೆಯ ಹಿಂದೆ ಉಳಿದಿತ್ತು.

ಇದಕ್ಕೆ ಪ್ರತಿಯಾಗಿ ನಮ್ಮ ನಾಡಿನದೇ ಒಂದು ಉದಾಹರಣೆಯನ್ನು ನೋಡೋಣ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯು ಕಾಡಂಚಿನ ತಾಲ್ಲೂಕು. ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಒಬ್ಬ ಉಪಾಧ್ಯಾಯರೇ ಎರಡು ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕು. ಸುಗ್ಗಿಯ ಕಾಲದಲ್ಲಿ ಮಗು ಕೆಲವು ವಾರ ಬಾರದೆ ಹೋದರೆ, ಹಿಂದಿರುಗಿ ಬರುವ ವೇಳೆಗೆ ಪಾಠ ಬಹುದೂರ ಸಾಗಿರುವುದು. ತಿಳಿಯದ ಪಾಠದ ಮುಂದೆ ಕುಳಿತ ಮಗು ಕ್ರಮೇಣ ಶಾಲೆಯನ್ನೇ ಬಿಡುವುದು. 1995ರಲ್ಲಿ ಅಲ್ಲಿನ ಉಪಾಧ್ಯಾಯರು, ಆಂಧ್ರದ ಮದನಪಲ್ಲೆಯ ಸಮೀಪದ ರಿಷಿ ವ್ಯಾಲಿಯ ಗ್ರಾಮಶಾಲೆಗಳ ಕ್ರಮವನ್ನು ಕಣ್ಣಾರೆ ಕಂಡು ಬಂದು, ಯುನಿಸೆಫಿನ ಸಹಾಯದಿಂದ ತಮ್ಮ ಮಕ್ಕಳಿಗೆ ತಕ್ಕುದಾದ ‘ನಲಿ-ಕಲಿ’ಯನ್ನು ರೂಪಿಸಿದರು. ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದು ಕಲಿಕೆಯ ಏಣಿಯೊಂದನ್ನು ಕಟ್ಟಿದರು. ಒಂದೊಂದು ಮೆಟ್ಟಿಲಿಗೆ ಒಂದೊಂದು ಕಾರ್ಡು. ಮಗು ತನ್ನ ಕಾರ್ಡನ್ನು ತಾನೇ ಆರಿಸಿಕೊಂಡು, ಗುಂಪಿನಲ್ಲಿ ಕುಳಿತು ಕಲಿಯುವುದು. ತಿಂಗಳು ಬಿಟ್ಟು ಬಂದರೂ ತಾನು ನಿಂತ ಮೆಟ್ಟಿಲಿನಿಂದಲೇ ಮುಂದೆ ಹತ್ತುವುದು. ಇಲ್ಲಿ ಇದ್ದ ಯಂತ್ರವೆಂದರೆ ಬಣ್ಣದ ರಟ್ಟಿನ ಚೂರು ಮಾತ್ರ. ಆದರೆ ಅಳತೆ ಸರಿಯಾಗಿತ್ತು. 2009-10ರಿಂದ ಸರಕಾರವು ಇದನ್ನು ರಾಜ್ಯದ ಸರಕಾರೀ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆ ವಿಸ್ತರಿಸಿತು. ಒಂದೂರಿನ ಅಳತೆಗೆ ಹೊಲಿದುದನ್ನು ನಾಡಿಗೆಲ್ಲ ಹಂಚಿದಾಗ, ಪ್ರತಿಯೊಬ್ಬ ಉಪಾಧ್ಯಾಯನೂ ತನ್ನ ಮಕ್ಕಳಿಗೆ ತಕ್ಕಂತೆ ಮಡಿಕೆಯನ್ನು ಬಿಚ್ಚಬೇಕಾಗುವುದು. ಹಾಗೆ ಮಾಡದ ಕಡೆ ಕಾರ್ಡು ಕಾರ್ಡಾಗಿಯೇ ಉಳಿಯುವುದು.

ಇಷ್ಟನ್ನು ಪರರ ವಿಷಯದಲ್ಲಿ ಹೇಳಿ, ನಮ್ಮ ತಪ್ಪನ್ನು ಮುಚ್ಚಿಡುವುದು ನ್ಯಾಯವಲ್ಲ. 2020ರ ಮಾರ್ಚಿಯಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ಶಾಲೆಗಳು ಮುಚ್ಚಿದವಷ್ಟೆ. ನಾವು ಆಗ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಪಾಠಹೇಳುತ್ತಿದ್ದೆವು. ಬೇಸಗೆ ಕಳೆದ ಮೇಲೆ, ನಾವು ಬಹಳ ಉತ್ಸಾಹದಿಂದ ಮೊಬೈಲನ್ನು ಮೇಜಿನ ಮೇಲೆ ನಿಲ್ಲಿಸಿ, ಅರ್ಧ ಗಂಟೆಯ ಪಾಠಗಳ ವೀಡಿಯೊಗಳನ್ನು ತೆಗೆದು, ಪ್ರತಿದಿನ ಹತ್ತು ಗಂಟೆಗೆ ವಾಟ್ಸಾಪಿನ ಮೂಲಕ ಮಕ್ಕಳಿಗೆ ಕಳುಹಿಸತೊಡಗಿದೆವು. ಉತ್ತರ ಬರೆದು ಕಳುಹಿಸಿದವರು ಹಾಜರು, ಕಳುಹಿಸದವರು ಗೈರುಹಾಜರು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯಿಂದ ಮೂರು ವಾರ ಒಂದು ಉತ್ತರವೂ ಬರಲಿಲ್ಲ. ಶಾಲೆ ಇಲ್ಲದಿರುವಾಗ ಮಕ್ಕಳಿಗೆ ಸೋಮಾರಿತನ ಬಂದಿತೆಂದು ನಾವು ಗೊಣಗಿದೆವು. ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತ ಹೋದೆವು.

ಒಂದು ಸಂಜೆ ಬೇರೆ ಕೆಲಸದ ಮೇಲೆ ಆ ಬೀದಿಗೆ ಹೋದವರು ಅವರ ಮನೆಯ ಜಗುಲಿಯ ಮುಂದೆ ನಿಂತೆವು. ತಾಯಿ ಮಗಳಿಬ್ಬರೂ ಹೂ ಕಟ್ಟುತ್ತ ಕುಳಿತಿದ್ದರು. ವಿಚಾರಿಸಲಾಗಿ, ಮನೆಗೆ ಇರುವುದು ಒಂದೇ ಫೋನು. ಅದು ಗಾರೆ ಕೆಲಸದ ತಂದೆಯ ಜೇಬಿನಲ್ಲಿ ಬೆಳಿಗ್ಗೆ ಏಳಕ್ಕೆ ಹೊರಟು ರಾತ್ರಿ ಎಂಟಕ್ಕೆ ಹಿಂದಿರುಗುವುದು. ಆ ಹೊತ್ತಿಗೆ ನಮ್ಮ ಅರ್ಧ ಗಂಟೆಯ ವೀಡಿಯೊ ಅದರಲ್ಲಿ ತೆರೆಯುತ್ತಲೇ ಇರಲಿಲ್ಲ. ಹುಡುಗಿ ತಲೆತಗ್ಗಿಸಿ, “ಸಾರ್, ಅದನ್ನೇ ಒಂದು ಹಾಳೇಲಿ ಬರ್ದು ಕೊಟ್ರೆ ಆಗಲ್ವ?” ಎಂದಳು. ಅಷ್ಟರಲ್ಲಿ ತಾಯಿ ಮೆಲ್ಲಗೆ, “ಇಸ್ಕೂಲೇ ಬಾಗಿಲು ಹಾಕವ್ರಲ್ಲ ಮೇಷ್ಟ್ರೇ, ಹೆಣ್ಣುಮಗ ಎಷ್ಟು ದಿನ ಅಂತ ಸುಮ್ನೆ ಕೂತಿರ್ತದೆ? ನಮ್ಮಣ್ಣನ ಕಡೆಯವ್ರು ಕೇಳ್ತಾವ್ರೆ” ಎಂದಳು. ಆ ಮಾತಿನ ಅರ್ಥ ನಮಗೆ ಆಗದೆ ಇರಲಿಲ್ಲ. ಹುಡುಗಿಗೆ ಹದಿನಾಲ್ಕು ತುಂಬಿತ್ತು. ನಾವು ಹಾಕಿದ ಕೆಂಪು ಗುರುತುಗಳು ಆ ಮನೆಯಲ್ಲಿ ಯಾವ ನಿಶ್ಚಯಕ್ಕೆ ಬಲಕೊಡುತ್ತಿದ್ದವೆಂಬುದನ್ನು ನೆನೆದು ಅಂದು ರಾತ್ರಿ ನಿದ್ರೆ ಬರಲಿಲ್ಲ.

ಮಾರನೆಯ ದಿನದಿಂದ ನಾವೂ ನಮ್ಮ ಸಹೋದ್ಯೋಗಿಗಳೂ ಮನೆಮನೆಗೆ ಹೋಗಿ, ಫೋನು ಎಷ್ಟು, ಯಾವ ಹೊತ್ತಿನಲ್ಲಿ ಯಾರ ಕೈಯಲ್ಲಿರುವುದು, ಮಗು ಯಾವ ಹೊತ್ತಿನಲ್ಲಿ ಬಿಡುವಾಗಿರುವುದು ಎಂಬ ಮೂರೇ ಪ್ರಶ್ನೆಗಳನ್ನು ಕೇಳಿ ಬರೆದುಕೊಂಡೆವು. ಜೂನ್ ತಿಂಗಳಲ್ಲಿ ಮಾಡಬೇಕಾಗಿದ್ದ ಕೆಲಸವನ್ನು ಜುಲೈಯಲ್ಲಿ ಮಾಡಿದಂತಾಯಿತು. ಹಗಲಿನಲ್ಲಿ ಫೋನಿಲ್ಲದ ಮನೆಗಳು ನಾವೆಣಿಸಿದುದಕ್ಕಿಂತ ಬಹಳ ಹೆಚ್ಚಾಗಿದ್ದವು. ಆದರೆ ಹಾಲಿನ ಡೈರಿಗೆ ಬೆಳಿಗ್ಗೆ ಸಂಜೆ ಪ್ರತಿಯೊಂದು ಬೀದಿಯಿಂದಲೂ ಯಾರಾದರೊಬ್ಬರು ಬರುವುದು ತಪ್ಪುತ್ತಿರಲಿಲ್ಲ. ಪಾಠದ ಸಾರವನ್ನು ಒಂದು ಹಾಳೆಗೆ ಇಳಿಸಿ, ಡೈರಿಯ ಕಿಟಕಿಯಲ್ಲಿಟ್ಟು, ಹಾಲಿನ ಕ್ಯಾನಿನೊಡನೆ ಮನೆಗಳಿಗೆ ತಲುಪಿಸುವ ಏರ್ಪಾಟಾಯಿತು. ಮೊದಲ ವಾರದ ಹಾಳೆಗಳು ಸೋತವು: ಅಕ್ಷರ ಸಣ್ಣದು, ಪ್ರಶ್ನೆಗಳು ಹಿಂಬದಿಯಲ್ಲಿ, ಅಲ್ಲಿ ಪ್ರಶ್ನೆಗಳಿವೆಯೆಂದು ಅನೇಕರಿಗೆ ತಿಳಿಯಲೇ ಇಲ್ಲ. ಮಕ್ಕಳು ಹೇಳಿದಂತೆ ತಿದ್ದಿದೆವು. ಫೋನನ್ನೂ ಬಿಡಲಿಲ್ಲ, ರಾತ್ರಿ ಎಂಟರ ಮೇಲೆ ತೆರೆದು ಕೇಳುವಂತೆ, ಮೂರು ನಿಮಿಷದ ಧ್ವನಿಯ ಪಾಠವನ್ನು ಮಾತ್ರ ಕಳುಹಿಸಿದೆವು. ಅದು ತಂದೆಯ ಫೋನಿನಲ್ಲಿ ಸುಲಭವಾಗಿ ತೆರೆಯಿತು. ಕೆಲವು ಮನೆಗಳಲ್ಲಿ ತಂದೆಯೂ ಪಕ್ಕದಲ್ಲಿ ಕುಳಿತು ಕೇಳಿದನು. ಆಗಸ್ಟಿನಲ್ಲಿ ಸರಕಾರದ ‘ವಿದ್ಯಾಗಮ’ ಆರಂಭವಾಗಿ, ಗುಡಿಯ ಅಂಗಳದಲ್ಲಿಯೂ ಮರದ ಕಟ್ಟೆಯಲ್ಲಿಯೂ ಮಕ್ಕಳನ್ನು ಕೂಡಿಸಿಕೊಂಡು ಪಾಠಹೇಳುವಾಗ, ಈ ಪಟ್ಟಿ ನಮಗೆ ಬಹಳ ಉಪಯೋಗಕ್ಕೆ ಬಂದಿತು.

ಹಾಳೆ ಬಂದ ಮೇಲೆ ಆ ಮನೆಯಲ್ಲಿ ಶಾಲೆ ಮತ್ತೆ ಬಾಗಿಲು ತೆರೆದಂತಾಯಿತು. ಮದುವೆಯ ಮಾತು ಹಿಂದೆ ಸರಿಯಿತು. ಆಕೆ 2022ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ತೇರ್ಗಡೆಹೊಂದಿದಳು. ಆದರೆ ಅದೇ ತರಗತಿಯ ಇಬ್ಬರು ಹುಡುಗರು ದುಡಿಮೆಗೆ ಹೋದವರು ಹಿಂದಿರುಗಲಿಲ್ಲ. ನಾವು ಇನ್ನೂ ಒಂದು ತಿಂಗಳು ಮುಂಚೆ ಅವರ ಜಗುಲಿಯ ಮುಂದೆ ನಿಂತಿದ್ದರೆ ಏನಾಗುತ್ತಿತ್ತೋ! ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ.

ಈಗ ಕೇಳಿದುದಕ್ಕೆಲ್ಲ ಉತ್ತರ ಹೇಳುವ ಯಂತ್ರಗಳೇ ಬಂದಿವೆ. ಮಗುವಿಗೆ ಯಾವುದನ್ನು ಕೊಡಿಸಬೇಕು, ಯಾವುದಕ್ಕೆ ವರ್ಷದ ಹಣ ಕಟ್ಟಬೇಕು ಎಂದು ಗೃಹಸ್ಥರು ನಮ್ಮನ್ನು ಆಗಾಗ ಕೇಳುವರು. ಅವರಿಗೆ ನಾವು ಹೇಳುವುದು ಇಷ್ಟು. ಮೊದಲು ಒಂದು ವಾರ ಮಗುವಿನ ಪಕ್ಕದಲ್ಲಿ ಸುಮ್ಮನೆ ಕುಳಿತು, ಅದು ಎಲ್ಲಿ ತಡೆದು ನಿಲ್ಲುವುದೆಂಬುದನ್ನು ನೋಡಿರಿ. ಭಾಗಾಕಾರ ಬಾರದಿರುವುದಕ್ಕೆ ಮಗ್ಗಿ ತಿಳಿಯದಿರುವುದು ಕಾರಣವಾಗಿರಬಹುದು. ಓದಿದ ಲೆಕ್ಕದ ಭಾಷೆಯೇ ಅರ್ಥವಾಗದಿರಬಹುದು. ಹಿಂದಿನ ಸಾಲಿನಲ್ಲಿ ಕುಳಿತ ಮಗುವಿಗೆ ಕರಿಹಲಗೆಯೇ ಕಾಣದಿರಬಹುದು. ಮೂರಕ್ಕೂ ಔಷಧ ಬೇರೆ ಬೇರೆ. ಕಡೆಯದಕ್ಕೆ ಬೇಕಾದುದು ಕನ್ನಡಕವೇ ಹೊರತು ಟ್ಯಾಬ್ಲೆಟ್ ಅಲ್ಲ. ಅನಂತರ, ಕೊಳ್ಳಬೇಕೆಂದಿರುವ ಸಾಧನವು ಆ ತಡೆಯನ್ನೇ ನಿವಾರಿಸುವುದೋ ಎಂದು ವಿಚಾರಿಸಿರಿ. ಅದರ ಮುಂದೆ ಕುಳಿತಾಗ ಯೋಚಿಸುವುದು ಮಗುವೋ ಯಂತ್ರವೋ ಎಂಬುದನ್ನು ಗಮನಿಸಿರಿ. ಅಲ್ಪ ಕಾಲಕ್ಕೆ ಪರೀಕ್ಷಿಸಿ ನೋಡಿ, ಸರಿಹೋಗದಿದ್ದರೆ ಬಿಡುವುದಕ್ಕೆ ಸಂಕೋಚಪಡದಿರಿ. ಶಾಲೆಯ ಸಭೆಗೆ ಹೋದಾಗಲೂ, ಹೊಸ ಯಂತ್ರವನ್ನು ಹೊಗಳುವವರನ್ನು ಇದೇ ಪ್ರಶ್ನೆಗಳನ್ನು ವಿನಯದಿಂದ ಕೇಳಿರಿ.

ಮಗುವನ್ನೇ ಕೇಳುವುದನ್ನಂತೂ ಮರೆಯಲಾಗದು. ನಮಗೆ ಬೇಕಾಗಿದ್ದ ಉತ್ತರವು ಹೂ ಕಟ್ಟುತ್ತಿದ್ದ ಆ ಹುಡುಗಿಯ ಬಳಿಯಲ್ಲಿ ಮೂರು ವಾರಗಳಿಂದಲೂ ಸಿದ್ಧವಾಗಿತ್ತು. ಕೇಳುವವರು ಮಾತ್ರ ಬಂದಿರಲಿಲ್ಲ.