ತೂಕ ತಪ್ಪಿದ್ದು ಎಲ್ಲಿ?

ನನ್ನ ಸೋದರಳಿಯ ಬೆಂಗಳೂರಿನಲ್ಲಿ ದಿನಸಿ ವ್ಯಾಪಾರಿ. ಒಂದಿದ್ದ ಅಂಗಡಿ ನಾಲ್ಕಾದಾಗ, ಲೆಕ್ಕಕ್ಕೂ ದಾಸ್ತಾನಿಗೂ ತನ್ನದೇ ಆದ ತಂತ್ರಾಂಶವಿರಲಿ ಎಂದು ಹಣ ಕೊಟ್ಟು ಬರೆಸಿಕೊಂಡ. ಮೂರೇ ತಿಂಗಳಲ್ಲಿ ಬೆಲ್ಲ, ಹುಣಸೆ, ಒಣಮೆಣಸಿನಕಾಯಿಗಳ ದಾಸ್ತಾನಿನಲ್ಲಿ ಕೊರತೆ ಕಾಣಿಸತೊಡಗಿತು. ಹನ್ನೆರಡು ವರ್ಷ ದುಡಿದಿದ್ದ ಗೋದಾಮಿನ ಗುಮಾಸ್ತರ ಮೇಲೆ ಅನುಮಾನ ಬಿತ್ತು. ಅವರನ್ನು ಕೆಲಸದಿಂದ ತೆಗೆಯುವ ಮುನ್ನ ಅವನು ನನ್ನ ಅಭಿಪ್ರಾಯ ಕೇಳಿದ.

ಆಹಾರ ಇಲಾಖೆಯಲ್ಲಿ ಕೆಲಕಾಲ ಕೆಲಸ ಮಾಡಿದವನಾದ್ದರಿಂದ ನನಗೊಂದು ಸಂಗತಿ ತಿಳಿದಿತ್ತು. ತೇವ ಆರಿದಂತೆ ಪದಾರ್ಥದ ತೂಕ ಇಳಿಯುತ್ತದೆ. ಸರ್ಕಾರಿ ಉಗ್ರಾಣಗಳ ಲೆಕ್ಕದಲ್ಲಿ ಸಂಗ್ರಹಣಾ ನಷ್ಟವನ್ನು ಪ್ರತ್ಯೇಕವಾಗಿ ತೋರಿಸುವುದು ಇದಕ್ಕಾಗಿಯೇ. ಈ ತಂತ್ರಾಂಶದಲ್ಲಿ ಅಂಥ ಅಂಕಣವೇ ಇರಲಿಲ್ಲ. ಅದನ್ನು ಬರೆದವರು ಮಾಲೀಕನನ್ನು ಕೇಳಿದ್ದರು. ತಕ್ಕಡಿ ಹಿಡಿದವರನ್ನು ಕೇಳಿರಲಿಲ್ಲ.

ಇದು ಸಣ್ಣ ಅಂಗಡಿಯ ಕಥೆಯೆಂದು ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನ ಅಂಚೆ ಕಚೇರಿಗಳು 1999ರಿಂದ ಹೊರೈಜನ್ ಎಂಬ ತಂತ್ರಾಂಶವನ್ನು ಅಳವಡಿಸಿಕೊಂಡವು. ಅದು ತೋರಿಸಿದ ಕೊರತೆಯನ್ನೇ ಸಾಕ್ಷ್ಯವಾಗಿಟ್ಟುಕೊಂಡು 2015ರವರೆಗೆ ಹೂಡಿದ ಮೊಕದ್ದಮೆಗಳಲ್ಲಿ 900ಕ್ಕೂ ಹೆಚ್ಚು ಮಂದಿ ಅಪರಾಧಿಗಳೆನಿಸಿದರು. ಆ ತಂತ್ರಾಂಶದಲ್ಲಿ ದೋಷಗಳಿದ್ದವೆಂದು ಅಲ್ಲಿನ ಹೈಕೋರ್ಟ್ 2019ರಲ್ಲಿ ಹೇಳಿತು. ಶಿಕ್ಷೆಗಳನ್ನು ಸಾಮೂಹಿಕವಾಗಿ ರದ್ದುಪಡಿಸಲು 2024ರಲ್ಲಿ ಕಾನೂನನ್ನೇ ತರಬೇಕಾಯಿತು.

ಕಳ್ಳತನ ನಡೆಯುವುದೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಬೆಳೆಯುವ ವ್ಯಾಪಾರಕ್ಕೆ ಬಿಗಿಯಾದ ಲೆಕ್ಕ ಬೇಕೇ ಬೇಕು. ಆದರೆ ತಂತ್ರಾಂಶ ಬರೆಸುವವರು ಕೆಲವು ಷರತ್ತುಗಳನ್ನು ಕರಾರಿನಲ್ಲೇ ಸೇರಿಸುವುದು ಲೇಸು. ಬರೆಯುವವರು ಮೊದಲು ಗೋದಾಮಿನಲ್ಲೂ ಗಲ್ಲಾಪೆಟ್ಟಿಗೆಯ ಬಳಿಯೂ ಕೆಲವು ದಿನ ಕುಳಿತು ಕೆಲಸವನ್ನು ನೋಡಬೇಕು. ಕೆಲವು ತಿಂಗಳಾದರೂ ಹಳೆಯ ಖಾತೆ ಪುಸ್ತಕ ಹೊಸ ವ್ಯವಸ್ಥೆಯ ಜೊತೆಜೊತೆಗೇ ನಡೆಯಬೇಕು. ಯಾವ ನಮೂದನ್ನು ಯಾರು, ಯಾವಾಗ ತಿದ್ದಿದರೆಂಬುದು ದಾಖಲಾಗಬೇಕು. ಲೆಕ್ಕ ತಪ್ಪೆಂದು ಆಕ್ಷೇಪಿಸುವ ಅವಕಾಶ ನೌಕರನಿಗೂ ಇರಬೇಕು. ಇವುಗಳಿಗೆ ತಗಲುವ ವೆಚ್ಚ, ತಪ್ಪು ಲೆಕ್ಕವನ್ನು ನಂಬಿದಾಗ ಆಗುವ ನಷ್ಟಕ್ಕಿಂತ ಕಡಿಮೆ.

ನನ್ನ ಸೋದರಳಿಯ ಹೊಸ ಅಂಕಣವನ್ನು ಸೇರಿಸಿಸಿದ. ಬೆಲ್ಲ, ಹುಣಸೆ, ಮೆಣಸಿನಕಾಯಿಗಳ ಲೆಕ್ಕ ಸರಿಹೊಂದಿತು. ಗುಮಾಸ್ತರು ಅದೇ ಗೋದಾಮಿನಲ್ಲಿದ್ದಾರೆ. ಆದರೆ ಮೊದಲಿನಂತೆ ಮನಬಿಚ್ಚಿ ಮಾತನಾಡುವುದಿಲ್ಲವಂತೆ. ಆ ನಷ್ಟವನ್ನು ಯಾವ ಅಂಕಣದಲ್ಲಿ ಬರೆಯೋಣ?