ಬೆಡಗು ಮತ್ತು ಪೂರ್ಣ ಗೋಪ್ಯತೆ

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಕಳಸವು ಗೋವಿಂದಭಟ್ಟರ ಊರು. ಅವರ ಶಿಷ್ಯರಾದ ಶಿಶುನಾಳ ಶರೀಫರ (1819–1889) ತತ್ವಪದಗಳು ಈ ಭಾಗದ ಭಜನೆಗಳಲ್ಲಿ ಇಂದಿಗೂ ಜೀವಂತವಾಗಿವೆ. ಅವುಗಳಲ್ಲಿನ ಬೆಡಗನ್ನು ‘ಗುಪ್ತಭಾಷೆ’ ಎಂದು ಕರೆಯುವುದುಂಟು. ಮಾಹಿತಿ ಸಿದ್ಧಾಂತವು ಗೋಪ್ಯತೆಗೆ ನೀಡಿದ ಖಚಿತ ಅರ್ಥದ ಮುಂದೆ ಈ ಹೆಸರು ನಿಲ್ಲುತ್ತದೆಯೇ ಎಂಬುದು ಇಲ್ಲಿಯ ಪ್ರಶ್ನೆ.

ಕ್ಲಾಡ್ ಶ್ಯಾನನ್ 1949ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಗೂಢಲಿಪಿಯನ್ನು ಕದ್ದು ನೋಡಿದವನಿಗೆ ಸಂದೇಶದ ಬಗ್ಗೆ ಮೊದಲೇ ತಿಳಿದಿದ್ದಕ್ಕಿಂತ ಹೆಚ್ಚೇನೂ ತಿಳಿಯದಿದ್ದರೆ ಮಾತ್ರ ಅದು ಪೂರ್ಣ ಗೋಪ್ಯತೆ. ಕನ್ನಡದ 49 ವರ್ಣಗಳಿಗೆ 0ಯಿಂದ 48ರವರೆಗೆ ಸಂಖ್ಯೆ ಕೊಡೋಣ. ಕಳುಹಿಸಬೇಕಾದ ವರ್ಣದ ಸಂಖ್ಯೆ 12, ಚೀಟಿ ಎತ್ತಿ ಪಡೆದ ಕೀಲಿ ಸಂಖ್ಯೆ 40. ಕೂಡಿದರೆ 52, 49 ಕಳೆದರೆ 3. ಈ 3ನ್ನು ಕಂಡವನು ಎಷ್ಟೇ ಬುದ್ಧಿವಂತನಾದರೂ ವ್ಯರ್ಥ. ಏಕೆಂದರೆ 49 ವರ್ಣಗಳಲ್ಲಿ ಯಾವುದನ್ನು ಊಹಿಸಿದರೂ ಅದನ್ನು 3 ಆಗಿಸುವ ಕೀಲಿ ಒಂದು ಇದ್ದೇ ಇರುತ್ತದೆ. ಆದರೆ ಕೀಲಿಯು ಸಂದೇಶದಷ್ಟೇ ಉದ್ದವಿರಬೇಕು, ಒಮ್ಮೆ ಮಾತ್ರ ಬಳಕೆಯಾಗಬೇಕು. ಒಂದೇ ಕೀಲಿಯಿಂದ ಎರಡು ಸಂದೇಶ ಕಳುಹಿಸಿದರೆ, ಒಂದು ಲಿಪಿಯಿಂದ ಇನ್ನೊಂದನ್ನು ಕಳೆದಾಗ ಕೀಲಿ ಮಾಯವಾಗಿ ಭಾಷೆಯ ಜಾಡು ಉಳಿಯುತ್ತದೆ. ಮರುಕಳಿಸುವ ವಿಭಕ್ತಿ ಪ್ರತ್ಯಯಗಳೇ ಸಾಕು ಸುಳಿವಿಗೆ.

ಬೆಡಗು ಮಾಡುವುದು ಇದನ್ನೇ. ಒಂಬತ್ತು ಬಾಗಿಲೆಂದರೆ ದೇಹದ ನವದ್ವಾರ ಎಂಬಂತಹ ಸಂಕೇತಗಳು ಪರಂಪರೆಯುದ್ದಕ್ಕೂ ಮರಳಿ ಬರುತ್ತವೆ. ಆದ್ದರಿಂದಲೇ ಬೆಡಗಿನ ವಚನಗಳಿಗೆ ಟೀಕೆಗಳು ಸಾಧ್ಯವಾದವು. ಬೆಡಗು ಕಷ್ಟಪಟ್ಟು ಬಿಡಿಸಬೇಕಾದದ್ದು, ಬಿಡಿಸಲಾಗದ್ದಲ್ಲ. ವಿಚಿತ್ರವೆಂದರೆ, ಬೃಹತ್ ಸಂಖ್ಯೆಗಳ ಅಪವರ್ತನದ ಕಷ್ಟವನ್ನು ನಂಬಿದ ಆಧುನಿಕ ಗೂಢಲಿಪಿಗಳೂ ಈ ದೃಷ್ಟಿಯಲ್ಲಿ ಬೆಡಗಿನ ಸಾಲಿಗೇ ಸೇರುತ್ತವೆ.

ಹಾಗಾದರೆ ಅಷ್ಟುದ್ದದ ಕೀಲಿಯನ್ನು ತಲುಪಿಸುವುದು ಹೇಗೆ? ಸಂವಹನ ಜಾಲಗಳ ಅಧ್ಯಯನ ಇಲ್ಲಿ ಕುತೂಹಲಕರ. ಏರನ್ ವೈನರ್ 1975ರಲ್ಲಿ, ಕದ್ದು ಕೇಳುವವನಿಗೆ ದಕ್ಕುವ ಸಂಕೇತ ಹೆಚ್ಚು ಮಸುಕಾಗಿದ್ದರೆ ಮೊದಲೇ ಹಂಚಿಕೊಂಡ ಕೀಲಿಯಿಲ್ಲದೆಯೂ ಗೋಪ್ಯತೆ ಸಾಧ್ಯವೆಂದು ತೋರಿಸಿದರು. 2002ರಲ್ಲಿ ನಿಂಗ್ ಕಾಯ್ ಮತ್ತು ರೇಮಂಡ್ ಯೂಂಗ್ ಜಾಲದ ಹಲವು ದಾರಿಗಳನ್ನೇ ಬಳಸಿಕೊಂಡರು. ನವಲಗುಂದದಿಂದ ಹುಬ್ಬಳ್ಳಿಗೆ ನೇರ ದಾರಿಯುಂಟು, ಅಣ್ಣಿಗೇರಿಯ ಮೇಲೆ ಹಾಯ್ದು ಹೋಗುವ ಸುತ್ತುದಾರಿಯೂ ಉಂಟು. ಒಂದರಲ್ಲಿ 40, ಇನ್ನೊಂದರಲ್ಲಿ 3 ಹೋಗಲಿ. ಯಾವುದಾದರೂ ಒಂದೇ ದಾರಿಯನ್ನು ಕಾಯುವವನ ಕೈಗೆ ಸಿಗುವುದು ಬರಿಯ ಸಂಖ್ಯೆ. ಹುಬ್ಬಳ್ಳಿಯಲ್ಲಿ ಎರಡನ್ನೂ ಪಡೆದವನು 12ನ್ನು ಓದುತ್ತಾನೆ. ಕಾಯುವವರು ಎರಡೂ ದಾರಿಗಳಲ್ಲಿದ್ದು ಕೈಜೋಡಿಸಿದರೆ ಈ ರಕ್ಷಣೆ ಪೂರ್ತಿ ಇಲ್ಲವಾಗುತ್ತದೆ.